ತಾಯಿಗೆ ಕೊಟ್ಟ ಮಾತು

ಆಟದ ಬಯಲಿಗೂ ನನಗೂ ಎಂದೂ ಗೆಳೆತನವಿಲ್ಲ. ಅಮೆರಿಕದ ಫುಟ್‌ಬಾಲೆಂದರೆ ಕೇಳಲೇಬೇಡಿ. ಹೆಸರಿಗೆ ಕಾಲ್ಚೆಂಡು, ಆಡುವುದು ಬಹುಮಟ್ಟಿಗೆ ಕೈಯಲ್ಲಿ. ಚೆಂಡಾದರೂ ಗುಂಡಗಿದೆಯೇ? ಅದೂ ಇಲ್ಲ. ಅದನ್ನು ಅವುಚಿಕೊಂಡು ಓಡುವವನನ್ನು ಎದುರಾಳಿಗಳು ನೆಲಕ್ಕೆ ಕೆಡವಬೇಕು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗದಿದ್ದರೆ ಚೆಂಡು ಪರರ ಪಾಲು. ಇಷ್ಟೇ ನನ್ನ ಪಾಂಡಿತ್ಯ. ಆದರೂ ಆ ಆಟದವನೊಬ್ಬನ ಕಥೆ ನನ್ನನ್ನು ಬಿಟ್ಟಿಲ್ಲ.

ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ ಮಗ್ಗುಲಲ್ಲಿ ಬೆಸೆಮರ್ ಎಂಬ ಊರಿದೆ. 1887ರಲ್ಲಿ ಕಬ್ಬಿಣವನ್ನು ನಂಬಿ ಕಟ್ಟಿದ ಊರು. ಉಕ್ಕು ತಯಾರಿಸುವ ವಿಧಾನ ಕಂಡುಹಿಡಿದ ಇಂಗ್ಲೆಂಡಿನ ಹೆನ್ರಿ ಬೆಸೆಮರನ ಹೆಸರನ್ನೇ ಅದಕ್ಕಿಟ್ಟರು. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 26 ಸಾವಿರ. ಕಾಲೇಜು ಫುಟ್‌ಬಾಲಿನ ಪರಮ ಗೌರವವಾದ ಹೈಸ್‌ಮನ್ ಪಾರಿತೋಷಕ ಈ ಪುಟ್ಟ ಊರಿನಲ್ಲಿ ಹುಟ್ಟಿದ ಇಬ್ಬರಿಗೆ ದಕ್ಕಿತು: 1985ರಲ್ಲಿ ಬೋ ಜಾಕ್ಸನ್, 2013ರಲ್ಲಿ ಜೇಮಿಸ್ ವಿನ್‌ಸ್ಟನ್. ನಾನು ಹೇಳಹೊರಟದ್ದು ಮೊದಲನೆಯವನ ಸಂಗತಿ.

ತಾಯಿ ಪರರ ಮನೆ ಗುಡಿಸಿ ತೊಳೆದು ಹತ್ತು ಮಕ್ಕಳನ್ನು ಸಾಕಿದಳು. ಇವನು ಎಂಟನೆಯವನು. ಹುಡುಗ ಕಾಡುಹಂದಿಯಂತೆ ಒರಟನೆಂದು ಮನೆಯವರು ಇಟ್ಟ ಅಡ್ಡಹೆಸರೇ ಸವೆದು ‘ಬೋ’ ಆಯಿತು. 1982ರಲ್ಲಿ ನ್ಯೂಯಾರ್ಕಿನ ಬೇಸ್‌ಬಾಲ್ ತಂಡ ಹಣದ ಆಸೆ ತೋರಿಸಿ ಕರೆಯಿತು. ಮಗ ಓದಬೇಕೆಂಬುದು ತಾಯಿಯ ಹಂಬಲ. ಹುಡುಗ ಹಣ ಬಿಟ್ಟು ಆಬರ್ನ್ ವಿಶ್ವವಿದ್ಯಾಲಯ ಸೇರಿದ. ಆದರೆ 1986ರಲ್ಲಿ ವೃತ್ತಿಯ ಆಟ ಎಳೆದುಕೊಂಡಿತು. ಪದವಿ ಅರ್ಧಕ್ಕೇ ನಿಂತಿತು. ಓದು ಮುಗಿಸಿಯೇ ತೀರುತ್ತೇನೆಂಬ ಮಾತು ಮಾತ್ರ ತಾಯಿಯ ಬಳಿ ಉಳಿಯಿತು.

ಬೇಸ್‌ಬಾಲು, ಫುಟ್‌ಬಾಲು ಎರಡರಲ್ಲೂ ಅವನು ಮೊದಲ ಸಾಲಿನವನಾದ. 1991ರ ಜನವರಿ 13ರಂದು ಚೆಂಡು ಹಿಡಿದು ಓಡುತ್ತಿದ್ದಾಗ ಹಿಂದಿನಿಂದ ಒಬ್ಬ ಎಳೆದು ಕೆಡವಿದ. ಸೊಂಟದ ಕೀಲು ತಪ್ಪಿತು. ರಕ್ತ ಹರಿಯದೆ ಮೂಳೆ ಸತ್ತಿತು. ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. 1992ರಲ್ಲಿ ತಾಯಿ ತೀರಿಕೊಂಡಳು. 1993ರಲ್ಲಿ ಕೃತಕ ಕೀಲಿನೊಡನೆ ಬೇಸ್‌ಬಾಲಿಗೆ ಮರಳಿ, ಮೊದಲ ಸರದಿಯಲ್ಲೇ ಚೆಂಡನ್ನು ಬಯಲಿನಾಚೆಗೆ ಬಾರಿಸಿದ. ಜನ ಹುಚ್ಚೆದ್ದು ಕೂಗಿದರು.

ನನಗೆ ಅದಕ್ಕಿಂತ ದೊಡ್ಡದೆನಿಸಿದ್ದು 1995ರ ಸಂಗತಿ. ಆ ವರ್ಷ ಅವನು ಆಬರ್ನ್‌ನ ಪದವಿ ಮುಗಿಸಿದ. ಆಗ ಅವನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ನೋಡಬೇಕಾದವಳೂ ಇರಲಿಲ್ಲ.

ಕೆಲಸ ಸಿಕ್ಕಿತೆಂದು ಓದು ಬಿಟ್ಟು ಹೊರಡುವ ವಿದ್ಯಾರ್ಥಿಗಳು ನನ್ನ ಮುಂದೆ ತಲೆತಗ್ಗಿಸಿ ನಿಲ್ಲುವುದುಂಟು. ಹಿಂದೆಲ್ಲ ಅರ್ಧ ಗಂಟೆಯ ಉಪದೇಶ ಕಾದಿರುತ್ತಿತ್ತು. ಮನೆಯ ಕಷ್ಟ ಅವರಿಗೆ ಗೊತ್ತು, ನನಗೇನು ಗೊತ್ತು? ಈಗ, “ಹೋಗಿ ಬಾಪ್ಪ, ಉಳಿದ ಪರೀಕ್ಷೆ ಮರೆಯಬೇಡ” ಎನ್ನುತ್ತೇನೆ. ಆಮೇಲೆ, “ತಾಯಿ ಇದ್ದಾರೆಯೇ?” ಎಂದು ಕೇಳುತ್ತೇನೆ. “ಇದ್ದಾರೆ ಸಾರ್” ಎಂದರೆ, “ಹಾಗಾದರೆ ಬೇಗ ಮುಗಿಸು” ಎನ್ನುತ್ತೇನೆ.