ಪಗಾರ ಬಿಲ್ಲು ಮತ್ತು 30 ದಿನ

ದೀಪಾವಳಿಗೆ ನಮ್ಮ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಅಷ್ಟರೊಳಗೆ ಪಗಾರ ಆಗಲಿ ಎಂಬುದು ಎಲ್ಲ ಗುರುಗಳ ಆಸೆ.

ಬಿಲ್ಲು ಮಾಡುವ ಕಚೇರಿಯಲ್ಲಿ ಮೂರು ಕಂಪ್ಯೂಟರ್, ಮೂರು ಹಟ. ಒಂದರಲ್ಲಿ ಪಾಪ್‌ಅಪ್ ಬಂದ್. ಪ್ರಿಂಟ್ ಕೊಟ್ಟರೆ ಬಿಲ್ಲಿನ ಪುಟವೇ ತೆರೆಯದು. ಉಳಿದೆರಡರದು ಬೇರೆ ಪೇಚು. ಆ ಹಳೆಯ ತಾಣಕ್ಕೆ ಇಂಟರ್‌ನೆಟ್ ಎಕ್ಸ್‌ಪ್ಲೋರರೇ ಬೇಕು. ಅದು 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು (ಪಿಂಚಣಿಯಂತೆ ಎಡ್ಜ್‌ನೊಳಗೆ 'ಐಇ ಮೋಡ್' ಉಳಿದಿದೆ). ಆದರೆ ಅಲ್ಲಿ ನಾವು ಸೇರಿಸಿದ ವಿಳಾಸ 30 ದಿನಕ್ಕೆ ತಾನೇ ಅಳಿಯುತ್ತದೆ. ಬಿಲ್ಲೋ ತಿಂಗಳಿಗೊಮ್ಮೆ! "ಹೋದ ತಿಂಗಳು ಆಗಿತ್ತಲ್ರೀ ಸರ್" ಎಂದು ಕ್ಲಾರ್ಕರು ಹೇಳುವುದು ಸುಳ್ಳಲ್ಲ.

ದೊಡ್ಡ ಕಚೇರಿಗಳಲ್ಲಿ ಗ್ರೂಪ್ ಪಾಲಿಸಿಯಿಂದ ತಾಣಗಳ ಪಟ್ಟಿ ಒಮ್ಮೆ ಹಾಕಿದರೆ ಎಲ್ಲ ಕಂಪ್ಯೂಟರಿಗೂ ಮುಟ್ಟುತ್ತದೆ, ಅಳಿಯುವುದೂ ಇಲ್ಲ. ನಮ್ಮಲ್ಲಿ ಅದನ್ನು ಮಾಡುವವರಿಲ್ಲ. ಹಾಗಾಗಿ ಗುರುಗಳೇ, ಬಿಲ್ಲಿನ ಮುಂಚಿನ ದಿನವೇ ಮೂರರಲ್ಲೂ ವಿಳಾಸ ಸೇರಿಸಿಸಿ. ಪಾಪ್‌ಅಪ್ ಅದೊಂದೇ ತಾಣಕ್ಕೆ ತೆರೆಸಿ, ಎಲ್ಲದಕ್ಕೂ ಬೇಡ.