ನಗಾರಿಯೊಳಗಿನ ಸೆರೆ

ಕೋಲಾರಕ್ಕೆ ಬಂದವರು ಕೋಲಾರಮ್ಮನ ದರ್ಶನ ಮಾಡುತ್ತಾರೆ, ಸೋಮೇಶ್ವರನ ಗುಡಿಯ ಕಂಬಗಳನ್ನು ಕಂಡು ಬೆರಗಾಗುತ್ತಾರೆ. ಅದೇ ಊರಿನ ಮಕಬರಾದತ್ತ ತಿರುಗುವವರು ವಿರಳ. ಅಲ್ಲಿರುವುದು ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ಅವನ ದೇಹವನ್ನೂ ಮೊದಲು ತಂದುದು ಇಲ್ಲಿಗೇ. ಶ್ರೀರಂಗಪಟ್ಟಣಕ್ಕೆ ಒಯ್ದುದು ಆಮೇಲೆ.

ತಂದೆ ಯುದ್ಧದಲ್ಲಿ ಮಡಿದಾಗ ಹೈದರನು ಇನ್ನೂ ಎಳೆಯ ಮಗು. ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿಖಾನನೆಂಬವನು ಆ ಮನೆಯ ಹಣವನ್ನು ಕಸಿಯಲೆಂದು, ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂಡಿಹಾಕಿ, ಮೇಲೆ ಚರ್ಮ ಬಿಗಿಸಿ, ಬಾರಿಸಿದನಂತೆ. ಹೀಗೆಂದು ಬರೆದವನು ಚರಿತ್ರಕಾರ ಕಿರ್ಮಾನಿ. ಅವನು ಹೈದರನ ಮನೆತನದ ಅಭಿಮಾನಿ. ಕಥೆಗೆ ತುಸು ಬಣ್ಣ ಸೇರಿದ್ದರೂ ಸೇರಿರಬಹುದು. ಆದರೂ ಹೊರಗೆ ನಿಂತ ತಾಯಿಗೆ ಆ ಸದ್ದು ಹೇಗೆ ಕೇಳಿಸಿರಬೇಕು! ಮುಂದೆ ಹೈದರನು ದೊಡ್ಡಬಳ್ಳಾಪುರವನ್ನು ಹಿಡಿದಾಗ ಖಾನನು ಮದರಾಸಿಗೆ ಓಡಿಹೋದನು.

ಸೆರೆಯ ಕಷ್ಟವನ್ನು ಬಾಲ್ಯದಲ್ಲೇ ಉಂಡವನು ಪರರನ್ನು ಸೆರೆಗೆ ನೂಕಲು ಹಿಂಜರಿದನೇ? ಇಲ್ಲ. 1763ರಲ್ಲಿ ಬಿದನೂರನ್ನು ಗೆದ್ದು, ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿಟ್ಟನು. 1767ರಲ್ಲಿ ಮರಾಠರು ಬಿಡಿಸಿದರು. ಆಕೆ ಪುಣೆಯ ದಾರಿಯಲ್ಲಿಯೇ ಕಣ್ಣು ಮುಚ್ಚಿದಳು. ಚರಿತ್ರೆಯು ಇಷ್ಟನ್ನು ಹೇಳಿ ಮುಂದೆ ನಡೆಯುತ್ತದೆ. ಆ ನಾಲ್ಕು ವರುಷ ಆಕೆ ಏನನ್ನು ನೆನೆದಳು, ಯಾರನ್ನು ಶಪಿಸಿದಳು ಎಂಬುದಕ್ಕೆ ದಫ್ತರದಲ್ಲಿ ಎಡೆಯಿಲ್ಲ.

ಹೈದರನು ಹುಟ್ಟಿದ ಬೂದಿಕೋಟೆಯಿಂದ ಪಶ್ಚಿಮಕ್ಕೆ ಹೊರಟರೆ ಮಾಲೂರು ತಾಲ್ಲೂಕಿನ ಮಾಸ್ತಿ ದೂರವಲ್ಲ. ಬಿದನೂರಿನ ಕೊನೆಗಾಲವನ್ನು ‘ಚೆನ್ನಬಸವನಾಯಕ’ ಕಾದಂಬರಿಯಾಗಿಸಿದ ವೆಂಕಟೇಶ ಅಯ್ಯಂಗಾರ್ಯರ ಹೆಸರಿನ ಮುಂದೆ ನಿಂತಿರುವುದು ಈ ಊರೇ. ಅವರು ಮತ್ತೆ ಅಂಥದೇ ವಸ್ತುವಿಗೆ ಮರಳಿದರು. 1956ರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಅರಸನು ಒಡಹುಟ್ಟಿದವಳನ್ನೇ ಬಂಧನದಲ್ಲಿಡುತ್ತಾನೆ. ಇಂಗ್ಲಿಷರು 1834ರಲ್ಲಿ ಆ ಅರಸನನ್ನೇ ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿದರು. 1859ರಲ್ಲಿ ಲಂಡನ್ನಿನಲ್ಲಿ ಅವನ ಆಯುಸ್ಸು ಮುಗಿಯಿತು. ಅರಸನ ಕ್ರೌರ್ಯವನ್ನು ಮಾಸ್ತಿಯವರು ಮುಚ್ಚಿಡುವುದಿಲ್ಲ. ಹಾಗೆಂದು ಅವನನ್ನು ದ್ವೇಷಿಸಲೂ ಬಿಡುವುದಿಲ್ಲ.

ಮಾಸ್ತಿಯನ್ನು ನೋಡಿ ಕೋಲಾರಕ್ಕೆ ಮರಳಿದವರಿಗೆ ಸಂಜೆ ಹೊತ್ತು ಉಳಿದಿದ್ದರೆ ಮಕಬರಾಕ್ಕೆ ಇನ್ನೊಮ್ಮೆ ಹೋಗಬಹುದು. ನಗಾರಿಯ ಸದ್ದನ್ನು ಕೇಳಿಸಿಕೊಂಡ ಮಗುವೂ, ಮಧುಗಿರಿಯ ಬಾಗಿಲನ್ನು ಹಾಕಿಸಿದ ನವಾಬನೂ ಕೆಲಕಾಲ ಆ ಒಂದೇ ಮಣ್ಣಿನಲ್ಲಿ ಮಲಗಿದ್ದರು.