ಬೆನ್ನ ಮೇಲೊಂದು ಮನೆ

ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಭಾಗ್ಯ ಆಮೆಗಲ್ಲದೆ ಅಮೆರಿಕದ ಸಂಸಾರಿಗಳಿಗೂ ಉಂಟು. ಮುಂದೆ ಜನರು ಕೂರುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ: ಇಂಥ ವಾಹನಕ್ಕೆ ಅಲ್ಲಿ ಪಿಕಪ್ ಟ್ರಕ್ ಎನ್ನುತ್ತಾರೆ. ಹಾಸಿಗೆ, ಒಲೆ, ನೀರಿನ ಟ್ಯಾಂಕುಗಳುಳ್ಳ ಪುಟ್ಟ ಮನೆಯೊಂದನ್ನು ಆ ತೊಟ್ಟಿಯಲ್ಲಿಳಿಸಿ ಬಿಗಿದರೆ, ಆ ಮನೆಯೇ ಟ್ರಕ್ ಕ್ಯಾಂಪರ್. 1960ರಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತಮ್ಮ ನಾಯಿಯೊಡನೆ ದೇಶ ಸುತ್ತಿದ್ದು ಇಂಥದರಲ್ಲಿಯೇ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಅದಕ್ಕಿಟ್ಟಿದ್ದರು. ಆ ವಾಹನವೀಗ ಕ್ಯಾಲಿಫೋರ್ನಿಯದ ಸಲೀನಾಸ್ ಊರಿನಲ್ಲಿ, ಅವರ ಹೆಸರಿನ ಸಂಗ್ರಹಾಲಯದಲ್ಲಿದೆ.

ಡೆನ್ವರ್ ನಗರದಲ್ಲಿರುವ ನನ್ನ ಮಗನಿಗೂ ಈ ಹುಚ್ಚು ಹಿಡಿಯಿತು. ನಾವು ದಂಪತಿಗಳು ಅಲ್ಲಿಗೆ ಹೋಗಿದ್ದಾಗಲೇ ಟ್ರಕ್ಕಿನ ಅನ್ವೇಷಣೆ ನಡೆದಿತ್ತು. ಅವನು ಮನಸೋತದ್ದು ಗಾಜಿನ ಛಾವಣಿಯ ಕೆಂಪು ಬಣ್ಣದ 'ಅರ್ಧ ಟನ್' ಗಾಡಿಗೆ. ಮಾರುವವನು, "11,000 ಪೌಂಡ್ ಎಳೆಯುತ್ತದೆ" ಎಂದು ಎದೆ ತಟ್ಟಿ ಹೇಳಿದ. ಎಳೆಯುವುದು ಬೇರೆ, ಹೊರುವುದು ಬೇರೆಯಷ್ಟೆ? ಹತ್ತು ಮೂಟೆಯ ಗಾಡಿಯನ್ನೆಳೆಯುವ ಎತ್ತಿನ ಬೆನ್ನ ಮೇಲೆ ಆ ಹತ್ತು ಮೂಟೆಗಳನ್ನೇ ಹೇರುವವರುಂಟೆ?

ಸೊಸೆ ಮಾತನಾಡದೆ ಚಾಲಕನ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯನ್ನೋದಿದಳು. ಜನರೂ ಸಾಮಾನೂ ಸೇರಿ ಆ ವಾಹನ ಹೊರಬಹುದಾದ ಭಾರ ಅಲ್ಲಿ ಅಚ್ಚಾಗಿರುತ್ತದೆ. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂಬುವು ಹಳೆಯ ಕಾಲದ ಅಳತೆಯಿಂದ ಉಳಿದುಕೊಂಡ ಹೆಸರುಗಳು ಮಾತ್ರ. ಒಂದೇ ಮಾದರಿಯ ಎರಡು ಗಾಡಿಗಳಲ್ಲಿಯೂ ಚೀಟಿಯ ಅಂಕಿ ಬೇರೆಯಾದೀತು. ಗಾಜಿನ ಛಾವಣಿಯಂಥ ಅಲಂಕಾರಗಳೆಲ್ಲ ಹೊರೆಯ ಲೆಕ್ಕದಿಂದಲೇ ಕಳೆದುಹೋಗುತ್ತವೆ.

ಕೆಂಪು ಗಾಡಿಯ ಚೀಟಿಯಲ್ಲಿದ್ದುದು 1,700 ಪೌಂಡ್, ಎಂದರೆ ಸುಮಾರು 770 ಕಿಲೋ. ಮಗ, ಸೊಸೆ, ಮೊಮ್ಮಗಳು ಮೂವರಿಂದ 400 ಹೋದರೆ ಉಳಿದದ್ದು 1,300. ಅವರು ಮೆಚ್ಚಿದ್ದ ಕ್ಯಾಂಪರ್ ಬರಿದಾಗಿಯೇ 2,000 ಪೌಂಡ್. ಮೂವತ್ತು ಗ್ಯಾಲನ್ ನೀರಿಗೆ 250. ಬ್ಯಾಟರಿ, ಅನಿಲ, ಬಟ್ಟೆಬರೆ, ಪಾತ್ರೆಪಗಡಗಳೂ ಸೇರಿ ಮೊತ್ತ 2,700ಕ್ಕೇರಿತು.

"ಸ್ಪ್ರಿಂಗ್ ಬಲಪಡಿಸಿದರಾಯಿತು" ಎಂದ ಮಗ.

"ಸ್ಪ್ರಿಂಗ್ ಹಾಕಿದರೆ ಹಿಂಭಾಗ ಜಗ್ಗಲಿಕ್ಕಿಲ್ಲ. ಚೀಟಿಯ ಅಂಕಿ ಬದಲಾದೀತೆ, ಹೇಳಿ? ಮಗುವನ್ನು ಕೂರಿಸಿಕೊಂಡು ಲವ್‌ಲ್ಯಾಂಡ್ ಘಾಟಿ ಇಳಿಯಬೇಕು ನಾವು!"

ಆ ಘಾಟಿಯ ಎತ್ತರ 11,990 ಅಡಿ. ಮಗ ಮರುಮಾತಾಡಲಿಲ್ಲ.

ಕೊನೆಗೆ ಒಪ್ಪಿಗೆಯಾದದ್ದು ಬೂದುಬಣ್ಣದ ಒಂದು ಟನ್ ಗಾಡಿ. ಹೊರೆ 3,900 ಪೌಂಡ್, ತೊಟ್ಟಿಯ ಉದ್ದ ಎಂಟು ಅಡಿ. ಉದ್ದಕ್ಕೂ ಕಾರಣವಿದೆ. ಕ್ಯಾಂಪರಿನ ಭಾರಕೇಂದ್ರ ಹಿಂದಿನ ಅಚ್ಚಿಗಿಂತ ಮುಂದೆ ಬೀಳಬೇಕು. ಹಿಂದೆ ಸರಿಯಿತೆಂದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಖಾಲಿ ಓಡುವಾಗ ಈ ಗಾಡಿ ನಮ್ಮ ಜಟಕಾದಂತೆ ಕುಲುಕುವುದೇನೋ ನಿಜ. ನನ್ನ ಸೊಂಟವೇ ಅದಕ್ಕೆ ಸಾಕ್ಷಿ.

ಅವರು ಪ್ರವಾಸ ಹೊರಡುವ ಹಿಂದಿನ ದಿನ ನನ್ನಾಕೆ ದೋಸೆಯ ಕಾವಲಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಸೊಸೆ ಅದನ್ನೂ ತಕ್ಕಡಿಯಲ್ಲಿಟ್ಟು, ತೂಕವನ್ನು ಪಟ್ಟಿಯಲ್ಲಿ ಬರೆದುಕೊಂಡೇ ಒಳಗಿರಿಸಿದಳು.